ಎಟಿವಿಗೆ ಯಾವ ಟೈರ್, ಯಾವ ಬ್ರೇಕ್ ಪ್ಯಾಡ್? ಎರಡನ್ನೂ ಒಟ್ಟಿಗೆ ಬದಲಾಯಿಸುವ ಹೊತ್ತು ಬಂದಿದೆ

ಕಲ್ಲುದಾರಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು 4x4 ಎಟಿವಿ ಇದೆ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಕೊಡಬಹುದಾದ, ಹ್ಯಾಂಡಲ್ ಹಿಡಿದು ಓಡಿಸುವ ಗುಡ್ಡಗಾಡಿನ ಗಾಡಿ. ಕೊಂಡು ಆರು ವರ್ಷ ಆಯಿತು. ಕೆಲಸಕ್ಕೆಂದೇ ಇಟ್ಟುಕೊಂಡ ಗಾಡಿ. ವಾರದಲ್ಲಿ ನಾಲ್ಕೈದು ದಿನ ಬೇಲಿ ಕಂಬ, ತಂತಿ ಸುರುಳಿ, ನೀರಿನ ಕ್ಯಾನ್ ಹೇರಿಕೊಂಡು ಗುಡ್ಡ ಹತ್ತಿ ಇಳಿಯುತ್ತೇನೆ. ಅರ್ಧ ದಿನ ಹಿಂದೆ ಸಣ್ಣ ಟ್ರೇಲರ್ ಕೂಡ ಇರುತ್ತದೆ.

ದಾರಿಯಲ್ಲಿ ಮುಕ್ಕಾಲು ಪಾಲು ಜಲ್ಲಿಕಲ್ಲು ಮತ್ತು ಗಟ್ಟಿ ಮಣ್ಣು. ನಡುವೆ ಒಂದು ಹಳ್ಳ ದಾಟಬೇಕು, ಚಕ್ರದ ನಡುಮಟ್ಟ ಮುಳುಗುವಷ್ಟು ನೀರಿರುತ್ತದೆ. ಹಳ್ಳದಾಚೆ ಸುಮಾರು ಇನ್ನೂರು ಮೀಟರ್ ಕೆಸರು. ಆಮೇಲೆ ಮತ್ತೆ ಕಲ್ಲು, ಕಡಿದಾದ ಇಳಿಜಾರು.

ಕಳೆದ ತಿಂಗಳು ಆ ಕೆಸರಿನಲ್ಲಿ ಹೂತುಕೊಂಡೆ. ಎರಡು ಗಂಟೆ ಹಲಗೆ ಇಟ್ಟು, ಅಗೆದು, ತಳ್ಳಿ ಹೊರಗೆ ತೆಗೆದದ್ದಾಯಿತು. ಅದೇ ವಾರ ಇನ್ನೊಂದು ಕಥೆ. ಟ್ರೇಲರ್ ತುಂಬ ಕಂಬ ಹೇರಿಕೊಂಡು ಇಳಿಯುತ್ತಿದ್ದೆ. ಮುಂದಿನ ಬಲಗಡೆಯಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಲಿವರ್ ಹಿಡಿದರೆ ಗಾಡಿ ನಿಧಾನವಾಗುತ್ತದೆ, ಆದರೆ ನಿಲ್ಲುತ್ತಿಲ್ಲ. ಹಿಂದೆ ನಡೆದು ಬರುತ್ತಿದ್ದ ಮಗಳು "ಅಪ್ಪಾ, ಏನೋ ಸುಟ್ಟ ವಾಸನೆ" ಎಂದು ಕೂಗಿದಳು. ಹೇಗೋ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಆ ಹೊತ್ತಿನಲ್ಲಿ ಅವಳು ಮುಂದೆ ನಡೆಯುತ್ತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇನ್ನೂ ಬಿಟ್ಟಿಲ್ಲ.

ಚಕ್ರ ಬಿಚ್ಚಿ ನೋಡಿದೆ. ಬಲಗಡೆಯ ಒಳಗಿನ ಪ್ಯಾಡ್ ತಗಡಿನವರೆಗೂ ಸವೆದಿದೆ. ಅದೇ ಚಕ್ರದ ಹೊರಗಿನ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಎಡಗಡೆಯ ಎರಡೂ ಚೆನ್ನಾಗಿಯೇ ಇವೆ. ಈ ಪ್ಯಾಡ್ ಹಾಕಿಸಿ ಎಂಟು ತಿಂಗಳಷ್ಟೇ. ಹಿಂದಿನವು ಎರಡು ವರ್ಷ ಬಂದಿದ್ದವು. ಹಾಕಿಕೊಟ್ಟವರನ್ನು ಕೇಳಿದರೆ "ಕೆಸರಲ್ಲಿ ಓಡಿಸಿದರೆ ಹಾಗೇ, ಇನ್ನೂ ಗಟ್ಟಿ ಪ್ಯಾಡ್ ಹಾಕಿಸಿ" ಎಂದರು.

ಟೈರ್ ಕೂಡ ಮುಗಿದ ಹಾಗೆ ಕಾಣುತ್ತದೆ. ಮುಂದೆ 25x8-12 (ಎತ್ತರ 25, ಅಗಲ 8, ರಿಮ್ 12 ಇಂಚು), ಹಿಂದೆ 25x10-12. ಗಾಡಿಯ ಜೊತೆ ಬಂದವೇ. ಹಿಂದಿನ ಟೈರಿನ ಹಲ್ಲು ನಡುವೆ ನುಣ್ಣಗಾಗಿದೆ, ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು.

ಹಾಗಾಗಿ ಎರಡು ಪ್ರಶ್ನೆ. 27 ಇಂಚಿನ ದಪ್ಪ ಹಲ್ಲಿನ ಕೆಸರು ಟೈರ್ ಹಾಕಿಸಿದರೆ ಹೂತುಕೊಳ್ಳುವ ಕಾಟ ತಪ್ಪುತ್ತದಾ? ಬ್ರೇಕ್ ಪ್ಯಾಡ್‌ನಲ್ಲಿ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸಿಂಟರ್ಡ್ ಎಂದು ಮೂರು ಬಗೆ ಹೇಳುತ್ತಾರೆ, ನನ್ನ ಕೆಲಸಕ್ಕೆ ಯಾವುದು? ಓಡಿಸಿ ಗೊತ್ತಿರುವವರು ಹೇಳಿ.

ಮಣ್ಣಿನಚಕ್ರ:

ನಮಸ್ಕಾರ ಸರ್. ನಾನು ಮೂರು ವರ್ಷದಿಂದ 27 ಇಂಚಿನ ಕೆಸರು ಟೈರ್ ಓಡಿಸುತ್ತಿದ್ದೇನೆ. ಒಂದೂವರೆ ಇಂಚಿನ ಹಲ್ಲು. ಹಲ್ಲಿನ ನಡುವೆ ಅಗಲ ಜಾಸ್ತಿ ಇರುವುದರಿಂದ ಚಕ್ರ ತಿರುಗಿದ ಹಾಗೆ ಮಣ್ಣು ತಾನೇ ಎಸೆದುಹೋಗುತ್ತದೆ. ಮೊದಲು ಸಿಕ್ಕಿಬೀಳುತ್ತಿದ್ದ ಜಾಗಗಳನ್ನು ಈಗ ಸಲೀಸಾಗಿ ದಾಟುತ್ತೇನೆ. ಅಡಿ ಕೂಡ ಒಂದು ಇಂಚು ಮೇಲಕ್ಕೆದ್ದಿತು, ಕಲ್ಲು ತಾಗುವುದು ಕಡಿಮೆ.

ನನ್ನ ದಾರಿ ಪೂರ್ತಿ ಮೆತ್ತನೆಯ ಮಣ್ಣು ಎಂಬುದನ್ನೂ ಹೇಳಿಬಿಡುತ್ತೇನೆ. ಗಟ್ಟಿ ನೆಲದ ಮೇಲೆ ಹೋದಾಗ ಹ್ಯಾಂಡಲ್ ನಡುಗುತ್ತದೆ. ನಿಮ್ಮ ಹಾಗೆ ಟ್ರೇಲರ್ ಎಳೆಯುವುದೂ ಇಲ್ಲ.

ಪಾನಾಹಿಡಿದವಳು:

ಕಲ್ಲುದಾರಿ ಅವರೇ, ಹನ್ನೊಂದು ವರ್ಷದಿಂದ ಇವೇ ಗಾಡಿಗಳ ರಿಪೇರಿ ನನ್ನ ಕೆಲಸ. ಟೈರ್, ಪ್ಯಾಡ್ ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಬರಹ ಓದಿದಾಗ ಪ್ಯಾಡಿನ ಜಾತಿಗಿಂತ ಬೇರೆ ಏನೋ ಕೆಟ್ಟಿದೆ ಎಂದು ನನಗೆ ಅನಿಸಿತು.

ಮೊದಲು ಬ್ರೇಕ್. ಒಂದೇ ಚಕ್ರದಲ್ಲಿ ಒಳಗಿನ ಪ್ಯಾಡ್ ತಗಡಿಗೆ ಬಂದಿದೆ, ಹೊರಗಿನದು ಅರ್ಧ ಉಳಿದಿದೆ. ಎಡಗಡೆ ಎರಡೂ ಸರಿ. ಕೆಸರೇ ತಿಂದಿದ್ದರೆ ನಾಲ್ಕನ್ನೂ ತಿನ್ನುತ್ತಿತ್ತು, ಅಲ್ವಾ? ಎಡ ಚಕ್ರವೂ ಅದೇ ಕೆಸರಿನಲ್ಲೇ ಹೋಗಿದೆ.

ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಭಾಗವೇ ಕ್ಯಾಲಿಪರ್. ನಿಮ್ಮ ಗಾಡಿಯ ಮುಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಲಿವರ್ ಒತ್ತಿದಾಗ ಪಿಸ್ಟನ್ ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಆ ಕಡೆಯಿಂದ ಎಳೆದು ಒತ್ತುತ್ತದೆ. ಈ ಜಾರುವ ಪಿನ್ ಹಿಡಿದುಕೊಂಡರೆ ಹೊರಗಿನ ಪ್ಯಾಡ್ ಸುಮ್ನೆ ನಿಂತಿರುತ್ತದೆ. ಒಳಗಿನದೊಂದೇ ದುಡಿಯುತ್ತದೆ, ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಪಿಸ್ಟನ್ ಸರಿಯಾಗಿ ಹಿಂದಕ್ಕೆ ಬರದಿದ್ದರೂ ಹೀಗೇ ಆಗುತ್ತದೆ. ಇದೇ ಸ್ಥಿತಿಯಲ್ಲಿ ಎಂಥ ಗಟ್ಟಿ ಪ್ಯಾಡ್ ಹಾಕಿದರೂ ಅದೂ ಸವೆಯುತ್ತದೆ, ಜೊತೆಗೆ ಡಿಸ್ಕನ್ನೂ ತಿನ್ನುತ್ತದೆ.

ಹೀಗೆ ಮಾಡಿ. ಕ್ಯಾಲಿಪರ್ ಬಿಚ್ಚಿ. ಬ್ರೇಕ್ ಹೋಸ್‌ನಲ್ಲಿ ಜೋತು ಬಿಡಬೇಡಿ, ಒಂದು ತಂತಿಯಲ್ಲಿ ಕಟ್ಟಿ ಮೇಲೆ ತೂಗು ಹಾಕಿ. ಎರಡೂ ಪಿನ್ನನ್ನು ಬೆರಳಿನಿಂದ ಒಳಗೆ ಹೊರಗೆ ಆಡಿಸಿ. ಬೆರಳಿನ ಬಲಕ್ಕೇ ಜಾರಬೇಕು. ಪಾನಾ ಬೇಕಾಯಿತು ಅಂದರೆ ಕಳ್ಳ ಸಿಕ್ಕ ಹಾಗೆ.

ಈಗ ಟೈರ್. ನಡುವೆ ಮಾತ್ರ ಹಲ್ಲು ನುಣ್ಣಗಾಗಿದೆ ಎಂದಿದ್ದೀರಿ. ಗಾಳಿ ಎಷ್ಟು ಹಾಕುತ್ತೀರಿ, ಯಾವ ಗೇಜಿನಲ್ಲಿ ನೋಡುತ್ತೀರಿ? ಇದೊಂದಕ್ಕೆ ಉತ್ತರ ಕೊಡಿ. ಆಮೇಲೆ 27 ಇಂಚಿನ ವಿಷಯ ಮಾತಾಡೋಣ.

ಕಲ್ಲುದಾರಿ:

ಅಕ್ಕಾ, ನೀವು ಹೇಳಿದ್ದು ಪೂರ್ತಿ ನಿಜ. ಇವತ್ತು ಬೆಳಗ್ಗೆ ಬಿಚ್ಚಿದೆ.

ಬಲಗಡೆಯ ಮೇಲಿನ ಪಿನ್ ಪರವಾಗಿಲ್ಲ. ಕೆಳಗಿನದು ಅಲ್ಲಾಡಲೇ ಇಲ್ಲ. ಮಣ್ಣು ನೀರು ಒಳಗೆ ಹೋಗದ ಹಾಗೆ ಅದನ್ನು ಮುಚ್ಚುವ ರಬ್ಬರ್ ತೊಟ್ಟಿ ಒಂದು ಕಡೆ ಹರಿದು ಬಾಯಿ ಬಿಟ್ಟಿತ್ತು. ಇಕ್ಕಳದಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಹೊರಗೆ ಎಳೆಯಲು ಇಪ್ಪತ್ತು ನಿಮಿಷ ಬೇಕಾಯಿತು. ಹೊರಗೆ ಬಂದ ಪಿನ್ನಿನ ಅರ್ಧ ಭಾಗ ಕಂದು ಬಣ್ಣ. ತೂತಿನೊಳಗೆ ನುಣುಪು ಮಣ್ಣು ಮತ್ತು ಹಳೆಯ ಗ್ರೀಸ್ ಸೇರಿ ಒಣಗಿದ ಗೋಂದಿನ ಹಾಗೆ ಗಟ್ಟಿಯಾಗಿತ್ತು. ಕಡ್ಡಿಯಿಂದ ಕೆರೆದರೆ ಪುಡಿ ಪುಡಿಯಾಗಿ ಉದುರಿತು. ಎಂಟು ತಿಂಗಳ ಹಿಂದೆ ಪ್ಯಾಡ್ ಹಾಕುವಾಗ ಯಾರೂ ಈ ಪಿನ್ ಮುಟ್ಟಿಲ್ಲ ಎಂಬುದು ಖಾತ್ರಿ. ಆಗ ನಾನೂ ಪಕ್ಕದಲ್ಲೇ ನಿಂತಿದ್ದೆ, ಕೇಳಬೇಕೆಂದು ಗೊತ್ತಿರಲಿಲ್ಲ.

ಡಿಸ್ಕಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೆರೆಗಳಿವೆ. ಹೊರಮೈ ನುಣುಪಾಗಿದೆ.

ಗಾಳಿಯ ವಿಷಯ. ಕಾರಿನ ಚಕ್ರಕ್ಕೆ ಬಳಸುವ ಗೇಜೇ ನನ್ನ ಹತ್ತಿರ ಇರುವುದು. ಅದರಲ್ಲಿ ಗೆರೆ ಶುರುವಾಗುವುದೇ 10ರಿಂದ. ಸ್ವಲ್ಪ ಜಾಸ್ತಿ ಇದ್ದರೆ ಭಾರ ತಡೆಯುತ್ತದೆ ಎಂದು 14 ಪಿಎಸ್‌ಐ ಹಾಕಿಸುತ್ತಿದ್ದೆ. ಈಗ ಗಾಡಿಯ ಕೈಪಿಡಿ ತೆಗೆದು ನೋಡಿದರೆ ಮುಂದೆ 5, ಹಿಂದೆ 5, ಪೂರ್ತಿ ಭಾರ ಹೇರಿದಾಗ ಹಿಂದೆ 7 ಎಂದಿದೆ. ಇಷ್ಟು ಕಡಿಮೆನಾ?

ಪಾನಾಹಿಡಿದವಳು:

ಹೌದು, ಅಷ್ಟೇ. ಎಟಿವಿ ಟೈರ್ ಕಾರಿನ ಟೈರಿನ ಹಾಗೆ ಅಲ್ಲ. ಒಳಗೆ ಗಾಳಿ ಜಾಸ್ತಿ, ಒತ್ತಡ ಕಡಿಮೆ. ಮೆತ್ತಗಿದ್ದು ನೆಲದ ಆಕಾರಕ್ಕೆ ಹೊಂದಿಕೊಂಡು ಅಗಲವಾಗಿ ಕೂರಬೇಕು. 14 ಹಾಕಿದಾಗ ಟೈರ್ ಚೆಂಡಿನ ಹಾಗೆ ಉಬ್ಬಿ ನಡುವಿನ ಒಂದು ಪಟ್ಟಿ ಮಾತ್ರ ನೆಲ ಮುಟ್ಟುತ್ತದೆ. ನಡುವಿನ ಹಲ್ಲು ಸವೆದದ್ದು ಅದಕ್ಕೇ. ಕೆಸರಿನಲ್ಲಿ ಹೂತುಕೊಂಡದ್ದಕ್ಕೂ ಅದು ದೊಡ್ಡ ಕಾರಣ. ಅಗಲವಾಗಿ ತೇಲಬೇಕಾದ ಚಕ್ರ ಚಾಕುವಿನ ಹಾಗೆ ಕೊರೆದು ಇಳಿದಿರುತ್ತದೆ.

ನಂಬಿಕೆ ಬರಬೇಕಾದರೆ ಮನೆಯಲ್ಲೇ ನೋಡಬಹುದು. ಟೈರಿನ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿಗೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆಯಿರಿ. ಗಟ್ಟಿ ನೆಲದ ಮೇಲೆ ನಾಲ್ಕೈದು ಸುತ್ತು ನೇರವಾಗಿ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ.

ಮೊದಲು ಕಡಿಮೆ ಒತ್ತಡ ತೋರಿಸುವ ಗೇಜ್ ತೆಗೆದುಕೊಳ್ಳಿ. 0ಯಿಂದ 15ರವರೆಗೆ, ಅರ್ಧರ್ಧ ಗೆರೆ ಇರುವಂಥದ್ದು. ನಿಮ್ಮ ಪಟ್ಟಿಯಲ್ಲಿ ಅತಿ ಮುಖ್ಯವಾದ ಸಾಮಾನು ಅದೇ ಎಂದು ನಾನು ಹೇಳುತ್ತೇನೆ. 5 ಇರಬೇಕಾದ ಕಡೆ 1 ಪಿಎಸ್‌ಐ ವ್ಯತ್ಯಾಸ ಬಂದರೂ ಐದನೇ ಒಂದು ಪಾಲು ಹೆಚ್ಚು ಕಡಿಮೆ ಆದ ಹಾಗೆ. ಬೆಳಗ್ಗೆ, ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಹಾಗೆಂದು 3ಕ್ಕೆ ಇಳಿಸಲು ಹೋಗಬೇಡಿ. ಭಾರ ಹೇರಿ ಕಲ್ಲಿನ ಮೇಲೆ ತಿರುಗಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚುತ್ತದೆ, ಇಲ್ಲವೇ ರಿಮ್ ಕಲ್ಲಿಗೆ ಬಡಿದು ಬಾಗುತ್ತದೆ.

ಇನ್ನು 27 ಇಂಚು. ನನ್ನ ಮಾತು ಇಷ್ಟೇ: ಬೇಡ. ಮಣ್ಣಿನಚಕ್ರ ಅವರಿಗೆ ಅದು ಸರಿ, ಅವರ ನೆಲ ಹಾಗಿದೆ. ನಿಮ್ಮದು ಮುಕ್ಕಾಲು ಪಾಲು ಕಲ್ಲು. ಸಿಕ್ಕಿಬಿದ್ದ ಇನ್ನೂರು ಮೀಟರ್ ಮನಸ್ಸಿನಲ್ಲಿ ಕೂತಿರುತ್ತದೆ, ಆದರೆ ಟೈರ್ ದಿನಾ ಸವೆಯುವುದು ಉಳಿದ ದಾರಿಯಲ್ಲಿ.

25ರಿಂದ 27ಕ್ಕೆ ಹೋದರೆ ಚಕ್ರದ ಸುತ್ತಳತೆ ಶೇ. 8ರಷ್ಟು ಹೆಚ್ಚುತ್ತದೆ. ಗೇರ್ ಅಷ್ಟು ಎತ್ತರಕ್ಕೆ ಹೋದ ಹಾಗೆ. ಹತ್ತುವಾಗ ಎಳೆಯುವ ಬಲ ಕಡಿಮೆ, ಇಂಜಿನ್ನಿನ ಬಲ ಚಕ್ರದ ಕಡೆ ದಾಟಿಸುವ ಬೆಲ್ಟ್ ಬಿಸಿಯಾಗುವುದು ಜಾಸ್ತಿ. ಬ್ರೇಕಿಗೂ ಇದೇ ಲೆಕ್ಕ. ಕ್ಯಾಲಿಪರ್ ಹಿಡಿಯುವ ಬಲ ಅಷ್ಟೇ ಇರುತ್ತದೆ, ಚಕ್ರ ಮಾತ್ರ ದೊಡ್ಡದು. ಹಾಗಾಗಿ ನೆಲದ ಮೇಲೆ ಸಿಗುವ ತಡೆ ಸುಮಾರು ಶೇ. 7 ಇಳಿಯುತ್ತದೆ. ಅದರ ಮೇಲೆ ತೂಕ. ನಾನೇ ತಕ್ಕಡಿಗೆ ಹಾಕಿ ನೋಡಿದ್ದೇನೆ. 25 ಇಂಚಿನ ಸಾಧಾರಣ ಟೈರ್ ಒಂದು ಹತ್ತೂವರೆ ಕಿಲೋ, 27ರ ದಪ್ಪ ಹಲ್ಲಿನದು ಹದಿನೈದು ಕಿಲೋ. ನಾಲ್ಕು ಚಕ್ರಕ್ಕೆ ಹದಿನೆಂಟು ಕಿಲೋ ಜಾಸ್ತಿ, ಅದೂ ತಿರುಗುವ ತೂಕ. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ದೂಡುವಾಗ ಅದನ್ನೂ ನಿಮ್ಮ ಪ್ಯಾಡೇ ನಿಲ್ಲಿಸಬೇಕು. ನಿಮಗೆ ಬ್ರೇಕಿನ ಚಿಂತೆ ಇರುವಾಗ ಬ್ರೇಕಿನ ಹೊರೆ ಹೆಚ್ಚಿಸುವ ಟೈರ್ ಯಾಕೆ?

ಇನ್ನೊಂದು ಮಾತು. ದಪ್ಪ ಹಲ್ಲಿನ ಟೈರ್ ಕೆಸರಿನಲ್ಲಿ ಅಗೆದು ಅಗೆದು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಕೆಳಗೆ ಗಟ್ಟಿ ನೆಲ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ತಳ ಸಿಗದ ಕೆಸರಾದರೆ ಗಾಡಿಯನ್ನು ಹೊಟ್ಟೆಯವರೆಗೂ ಇಳಿಸಿಬಿಡುತ್ತದೆ. ನಿಮ್ಮ ಕೆಸರಿಗೆ ಒಂದು ಕೋಲು ಚುಚ್ಚಿ ನೋಡಿ, ಎಷ್ಟು ಆಳಕ್ಕೆ ನೆಲ ಸಿಗುತ್ತದೆ ಎಂದು.

ನಾನಾಗಿದ್ದರೆ ಹಾಕುವುದು: ಅದೇ 25x8-12 ಮತ್ತು 25x10-12, ಆಲ್ ಟೆರೈನ್ ಬಗೆ, ಹಲ್ಲು ಮುಕ್ಕಾಲರಿಂದ ಒಂದು ಇಂಚು, 6 ಪ್ಲೈ. ಪ್ಲೈ ಎಂದರೆ ಟೈರಿನ ಪದರಗಳ ಬಲ ಹೇಳುವ ಅಂಕಿ. ಗಾಡಿಯ ಜೊತೆ ಬಂದ ಟೈರಿನಲ್ಲಿ ಪ್ಲೈ ಕಡಿಮೆ ಇರುವುದೇ ಹೆಚ್ಚು. ಪಕ್ಕದ ಗೋಡೆಯ ಮೇಲೆ ನಕ್ಷತ್ರದ ಗುರುತು ಹುಡುಕಿ. ಒಂದು ನಕ್ಷತ್ರ ಎಂದರೆ 2 ಪ್ಲೈ, ಎರಡಿದ್ದರೆ 4, ಮೂರಿದ್ದರೆ 6. ಚೂಪು ಕಲ್ಲು ಟೈರಿನ ನಡುವೆ ಚುಚ್ಚುವುದಕ್ಕಿಂತ ಪಕ್ಕದಲ್ಲಿ ಸೀಳುವುದೇ ಜಾಸ್ತಿ. ಪಕ್ಕ ಸೀಳಿದರೆ ಪಂಕ್ಚರ್ ಹಾಕಲೂ ಆಗುವುದಿಲ್ಲ. ಪ್ಲೈ ಜಾಸ್ತಿ ಆದಷ್ಟೂ ತೂಕ ಮತ್ತು ಬಿರುಸುತನವೂ ಜಾಸ್ತಿ. 8 ಪ್ಲೈ ನಿಮಗೆ ಬೇಕಿಲ್ಲ.

ಅಳತೆಯಲ್ಲಿ 12ಕ್ಕೆ ಮೊದಲು ಆರ್ ಅಕ್ಷರ ಇದ್ದರೆ ರೇಡಿಯಲ್ (ಒಳಗಿನ ನೂಲು ಈ ಅಂಚಿನಿಂದ ಆ ಅಂಚಿಗೆ ನೇರ), ಬರೀ ಅಡ್ಡಗೆರೆ ಇದ್ದರೆ ಬಯಾಸ್ (ನೂಲು ಓರೆ). ಜಲ್ಲಿ ದಾರಿಯಲ್ಲಿ ದಿನಾ ಓಡಿಸುವವರಿಗೆ ರೇಡಿಯಲ್ ಮೈಗೆ ಹಿತ, ಸವೆತವೂ ಸಮ. ಯಾವುದಾದರೂ ಸರಿ, ನಾಲ್ಕೂ ಒಂದೇ ಬಗೆ ಇರಲಿ. 4x4 ಗಾಡಿಯಲ್ಲಿ ಇದು ತುಂಬ ಮುಖ್ಯ. ಮುಂದಿನ ಮತ್ತು ಹಿಂದಿನ ಸುತ್ತಳತೆಯ ಲೆಕ್ಕ ತಪ್ಪಿದರೆ 4x4 ಹಾಕಿದಾಗ ಡಿಫರೆನ್ಷಿಯಲ್ ಒಳಗೆ ಎಳೆದಾಟ ಶುರುವಾಗುತ್ತದೆ. ಹಿಂದಿನ ಎರಡು ಮಾತ್ರ ಬದಲಾಯಿಸಿ ಹಣ ಉಳಿಸುತ್ತೇನೆ ಎಂದು ಹೋದವರ ಮುಂದಿನ ಗೇರ್ ಬಿಚ್ಚಿದ್ದೇನೆ. ಹೊಸ ಟೈರ್ ಕೂರಿಸಿ ಗಾಳಿ ಹಾಕಿದ ಮೇಲೆ ಟೇಪಿನಲ್ಲಿ ನಾಲ್ಕರ ಸುತ್ತಳತೆಯನ್ನೂ ಅಳೆದು ಬರೆದಿಡಿ. ಎಡ ಬಲ ಒಂದೇ ಇರಬೇಕು.

ಕೂರಿಸುವಾಗ ಎಚ್ಚರ. ಅಂಚು ರಿಮ್ಮಿಗೆ ಕೂರಲು ಎಷ್ಟರವರೆಗೆ ಒತ್ತಡ ಕೊಡಬಹುದು ಎಂದು ಟೈರಿನ ಮೇಲೇ ಅಚ್ಚಾಗಿರುತ್ತದೆ. ಸೋಪಿನ ನೀರು ಬಳಿಯಿರಿ. ಆ ಅಂಕಿ ದಾಟಿ ಗಾಳಿ ತುಂಬಬೇಡಿ, ರಿಮ್ ಸಿಡಿದು ಕೈ ಕಳೆದುಕೊಳ್ಳುವ ಅಪಾಯ ನಿಜವಾದದ್ದು. ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಯಲ್ಲಿ ಒತ್ತಿರುತ್ತಾರೆ. 2319 ಎಂದರೆ 2019ರ 23ನೇ ವಾರ. ಹಳೆಯ ಸರಕು ಹೊಸದೆಂದು ಬಂದರೆ ವಾಪಸು ಕೊಡಿ.

ಪ್ಯಾಡ್ ವಿಷಯ ಸುಲಭ. ಆರ್ಗ್ಯಾನಿಕ್ ಎಂದರೆ ನಾರು ಮತ್ತು ಅಂಟು ಸೇರಿಸಿ ಒತ್ತಿದ್ದು. ಸದ್ದಿಲ್ಲ, ಡಿಸ್ಕಿಗೆ ಮೃದು. ಆದರೆ ಕೆಸರು ಸೇರಿದರೆ ಸೀಮೆಸುಣ್ಣದ ಹಾಗೆ ಕರಗುತ್ತದೆ. ಒಂದೇ ದಿನದ ಕೆಸರು ಸವಾರಿಯಲ್ಲಿ ಮುಗಿದದ್ದನ್ನು ನೋಡಿದ್ದೇನೆ. ಸಿಂಟರ್ಡ್ ಎಂದರೆ ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಒಂದು ಮಾಡಿದ್ದು. ನೀರು, ಕೆಸರು, ಬಿಸಿ ಮೂರನ್ನೂ ತಡೆಯುತ್ತದೆ. ಸದ್ದು ಸ್ವಲ್ಪ ಇರುತ್ತದೆ, ಡಿಸ್ಕನ್ನು ಜಾಸ್ತಿ ಸವೆಸುತ್ತದೆ. ಸೆಮಿ ಮೆಟಾಲಿಕ್ ಇವೆರಡರ ನಡುವೆ. ಹಳ್ಳ, ಕೆಸರು, ಭಾರ, ಇಳಿಜಾರು ನಾಲ್ಕೂ ಇರುವ ನಿಮಗೆ ಸಿಂಟರ್ಡ್ ಬಿಟ್ಟು ಬೇರೆ ಹೇಳಲಾರೆ.

ಪ್ಯಾಡಿನ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ತಣ್ಣಗಿರುವಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಎಫ್ ಎಂದರೆ ಘರ್ಷಣೆ 0.35ರಿಂದ 0.45, ಜಿ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ನಿಮಗೆ ಎಚ್‌ಎಚ್ ಹುಡುಕಿ. ಜಿಎಫ್ ಎಂದಿದ್ದರೆ ಬಿಸಿಯಾದಾಗ ಹಿಡಿತ ಕಡಿಮೆಯಾಗುತ್ತದೆ ಎಂದರ್ಥ. ಇಳಿಜಾರಿನಲ್ಲಿ ನಿಮಗೆ ಬೇಕಾಗಿರುವುದೇ ಆ ಎರಡನೆಯ ಅಕ್ಷರ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಒತ್ತಿರುತ್ತದೆ. ಗೆರೆ ಬಿದ್ದ ಜಾಗದಲ್ಲಿ ಅಳೆದು ಹೇಳಿ.

ನಿಧಾನಸವಾರ:

ಅಕ್ಕ ಹೇಳಿದ್ದರಲ್ಲಿ ಸೇರಿಸಲು ಒಂದೇ ವಿಷಯ, ಬ್ರೇಕ್ ಆಯಿಲ್. ಆರು ವರ್ಷದಲ್ಲಿ ಯಾವಾಗಲಾದರೂ ಬದಲಾಯಿಸಿದ್ದೀರಾ? ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮ. ನೀರು ಹೀರಿದ ಮೇಲೆ ಆ ಮಿತಿ 155. ನಿಮ್ಮ ಗಾಡಿಯ ಹಾಗೆ ಪ್ಯಾಡ್ ಉಜ್ಜುತ್ತಲೇ ಇದ್ದರೆ ಕ್ಯಾಲಿಪರ್ ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಒಂದು ಉದ್ದ ಇಳಿಜಾರಿನಲ್ಲಿ ನನಗೆ ಹಾಗೆ ಆಗಿದೆ. ಹತ್ತು ನಿಮಿಷ ತಣಿದ ಮೇಲೆ ಲಿವರ್ ಏನೂ ಆಗದ ಹಾಗೆ ಗಟ್ಟಿಯಾಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಎನ್ನುತ್ತದೆ. ಅಂದಿನಿಂದ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸುತ್ತೇನೆ. ಮುಚ್ಚಳದ ಮೇಲೆ ಏನು ಬರೆದಿದೆಯೋ ಅದೇ ಹಾಕಿ. ಡಾಟ್ 5 ಸಿಲಿಕೋನಿನದು, ಡಾಟ್ 4ರ ಜೊತೆ ಬೆರೆಸುವ ಹಾಗಿಲ್ಲ.

ಇಳಿಯುವ ಮೊದಲೇ ಲೋ ಗೇರ್ ಮತ್ತು 4x4 ಹಾಕಿಕೊಳ್ಳಿ ಅಣ್ಣಾ, ಅರ್ಧ ಇಳಿದ ಮೇಲಲ್ಲ. ಇಂಜಿನ್ನೇ ಅರ್ಧ ಕೆಲಸ ಮಾಡುತ್ತದೆ. ಹಳ್ಳ ದಾಟಿದ ಮೇಲೆ ಒಂದಷ್ಟು ದೂರ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದೇ ಹೋಗಿ, ಡಿಸ್ಕ್ ಒಣಗುತ್ತದೆ.

ಪಾನಾಹಿಡಿದವಳು:

ನಿಧಾನಸವಾರ ಅವರು ನೆನಪಿಸಿದ್ದು ಒಳ್ಳೆಯದಾಯಿತು, ನಾನು ಮರೆತಿದ್ದೆ.

ಕಲ್ಲುದಾರಿ ಅವರೇ, ಪಿನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸದೇ ಹಾಕಿ. ಬರೀ ಕಲೆಯಾಗಿದ್ದರೆ ನುಣುಪು ಎಮರಿ ಕಾಗದದಲ್ಲಿ ಉಜ್ಜಿ. ತೂತನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯಿರಿ. ರಬ್ಬರ್ ತೊಟ್ಟಿಗಳನ್ನು ಎರಡೂ ಕಡೆ ಹೊಸದು ಹಾಕಿ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಮಾತ್ರ ಬಳಸಿ. ಬೇರಿಂಗಿಗೆ ಹಾಕುವ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ.

ಪಿಸ್ಟನ್ ಹಿಂದಕ್ಕೆ ಒತ್ತುವ ಮೊದಲು ಹೊರಗೆ ಕಾಣುವ ಭಾಗವನ್ನು ಮೆತ್ತನೆ ಬ್ರಷ್ಷಿನಲ್ಲಿ ಚೆನ್ನಾಗಿ ಒರೆಸಿ. ಆ ಕೊಳೆಯನ್ನೇ ಒಳಗೆ ತಳ್ಳಿದರೆ ಸೀಲ್ ಹಾಳಾಗುತ್ತದೆ. ಮೇಲಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಸುತ್ತ ಬಟ್ಟೆ ಕಟ್ಟಿ. ಉಕ್ಕಿ ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ. ಪ್ಯಾಡ್ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಎಡಗಡೆ ಚೆನ್ನಾಗಿದೆ ಎಂದು ಬಿಟ್ಟರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕಲ್ಲುದಾರಿ:

ಎಲ್ಲಾ ಮುಗಿಸಿ ಬರೆಯುತ್ತಿದ್ದೇನೆ. ಹದಿನೈದು ದಿನ ಆಯಿತು, ಸಾಮಾನು ಬರುವುದು ತಡವಾಯಿತು.

ಡಿಸ್ಕಿನ ಮೇಲೆ ಕನಿಷ್ಠ 3.0 ಮಿಲಿಮೀಟರ್ ಎಂದಿತ್ತು. ಗೆರೆ ಬಿದ್ದ ಕಡೆ 3.1 ಬಂತು. ಅದರ ಮೇಲೆ ಸಿಂಟರ್ಡ್ ಪ್ಯಾಡ್ ಹಾಕಿದರೆ ಎಷ್ಟು ದಿನ ಬರುತ್ತದೆ ಎಂದು ಯೋಚಿಸಿ ಮುಂದಿನ ಎರಡೂ ಡಿಸ್ಕ್ ಹೊಸದು ಹಾಕಿದೆ. ಪ್ಯಾಡ್ ಎಚ್‌ಎಚ್ ಸಿಕ್ಕಿತು. ಬ್ರೇಕ್ ಆಯಿಲ್ ಹೊರಗೆ ಬಂದಾಗ ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ನಿಧಾನಸವಾರ ಅವರೇ, ನೀವು ಹೇಳದಿದ್ದರೆ ಅದನ್ನು ಮುಟ್ಟುತ್ತಲೇ ಇರಲಿಲ್ಲ, ತುಂಬ ಥ್ಯಾಂಕ್ಸ್.

ಪ್ಯಾಡ್ ಪ್ಯಾಕೆಟ್ಟಿನಲ್ಲಿ ಬರೆದ ಹಾಗೆ ಪಳಗಿಸಿದೆ. ಖಾಲಿ ಗಾಡಿ, ಸಮ ನೆಲ. 30 ಕಿಲೋಮೀಟರ್ ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಸ್ವಲ್ಪ ದೂರ ಹೋಗಿ ತಣಿಯಲು ಬಿಡುವುದು, ಮತ್ತೆ ಅದೇ. ಮೊದಲ ನಾಲ್ಕೈದು ಸಲ ಲಿವರ್ ಹಿಡಿದರೂ ಜಾರಿದ ಹಾಗೆ ಅನಿಸಿ ಭಯವಾಯಿತು. ಹತ್ತನೇ ಸಲಕ್ಕೆ ಕಚ್ಚಿ ಹಿಡಿಯಲು ಶುರುವಾಯಿತು.

ಕೆಸರಿಗೆ ಕೋಲು ಚುಚ್ಚಿ ನೋಡಿದೆ. ಹೆಚ್ಚಿನ ಕಡೆ ಒಂದು ಅಡಿಗೆ ಗಟ್ಟಿ ನೆಲ ಸಿಗುತ್ತದೆ. ಒಂದು ಜಾಗದಲ್ಲಿ ಮಾತ್ರ ಕೋಲು ಮೂರಡಿ ಇಳಿದರೂ ತಳ ಸಿಗಲಿಲ್ಲ. ನಾನು ಹೂತುಕೊಂಡದ್ದು ಅಲ್ಲೇ. ಅದನ್ನು ಬಳಸಿ ಎಡಕ್ಕೆ ಹತ್ತು ಹೆಜ್ಜೆ ಸರಿದು ಹೋಗಲು ದಾರಿ ಇದೆ, ಎರಡು ಕಂಬ ನೆಟ್ಟು ಗುರುತು ಮಾಡಿದ್ದೇನೆ.

ಟೈರ್ 25 ಇಂಚೇ ಹಾಕಿಸಿದೆ. ರೇಡಿಯಲ್, 6 ಪ್ಲೈ, ಒಂದು ಇಂಚಿನ ಹಲ್ಲು. ಸುತ್ತಳತೆ ಅಳೆದೆ. ಮುಂದಿನ ಎರಡರ ನಡುವೆ ಅರ್ಧ ಇಂಚು ವ್ಯತ್ಯಾಸ ಬಂತು, ಗಾಳಿ ನೋಡಿದರೆ ಒಂದರಲ್ಲಿ 5, ಇನ್ನೊಂದರಲ್ಲಿ 6 ಇತ್ತು. ಸಮ ಮಾಡಿದ ಮೇಲೆ ಅಳತೆಯೂ ಸಮವಾಯಿತು. 5 ಪಿಎಸ್‌ಐನಲ್ಲಿ ಕೈಯಿಂದ ಒತ್ತಿದರೆ ಟೈರ್ ಒಳಗೆ ಹೋಗುತ್ತದೆ. ಮೊದಲ ದಿನ ಪಂಕ್ಚರ್ ಆಗಿದೆ ಎಂದೇ ಅನಿಸಿತು. ಆದರೆ ಜಲ್ಲಿಯ ಮೇಲೆ ಬೆನ್ನಿಗೆ ಬರುತ್ತಿದ್ದ ಹೊಡೆತ ಅರ್ಧ ಇಳಿದಿದೆ. ಭಾರ ಹೇರುವ ದಿನ ಹಿಂದೆ 7 ಮಾಡಿಕೊಳ್ಳುತ್ತೇನೆ. ಚಕ್ರದ ನಟ್ಟುಗಳನ್ನು ಸ್ವಲ್ಪ ಓಡಿಸಿದ ಮೇಲೆ ಮತ್ತೆ ನೋಡಿದೆ, ಒಂದು ನಟ್ಟು ಕಾಲು ಸುತ್ತು ತಿರುಗಿತು.

ನಿನ್ನೆ ಅದೇ ಇಳಿಜಾರಿನಲ್ಲಿ ಅಷ್ಟೇ ಕಂಬ ಹೇರಿ, ಲೋ ಗೇರಿನಲ್ಲಿ ಇಳಿದೆ. ಕೆಳಗೆ ನಿಲ್ಲಿಸಿ ಎರಡೂ ಡಿಸ್ಕಿನ ಮೇಲೆ ಒಂದೊಂದು ಹನಿ ನೀರು ಬಿಟ್ಟೆ. ಎರಡರಲ್ಲೂ ನೀರು ಒಂದೇ ಹೊತ್ತಿಗೆ ಮೆಲ್ಲಗೆ ಆರಿತು, ಚುಯ್ ಎನ್ನಲಿಲ್ಲ. ಮಗಳು ಬಗ್ಗಿ ಮೂಸಿ ನೋಡಿ "ಈ ಸಲ ಏನೂ ವಾಸನೆ ಇಲ್ಲ ಅಪ್ಪಾ" ಎಂದಳು. ಇಳಿಜಾರಿನಲ್ಲಿ ಅವಳು ನಡೆಯುವ ದಾರಿಯನ್ನು ಮಾತ್ರ ಬೇರೆ ಮಾಡಿದ್ದೇನೆ. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಟ್ರೇಲರಿನ ಮುಂದೆ ಯಾರೂ ನಡೆಯುವುದು ಬೇಡ ಎಂದು ಹೇಳಿದ್ದೇನೆ.

ಅಕ್ಕಾ, ಒಂದು ಕೊನೆಯ ಪ್ರಶ್ನೆ. ಪಿನ್ ಬಿಚ್ಚಿ ಗ್ರೀಸ್ ಹಚ್ಚುವುದು ಎಷ್ಟು ದಿನಕ್ಕೊಮ್ಮೆ?

ಪಾನಾಹಿಡಿದವಳು:

ನಿಮ್ಮ ಹಾಗೆ ವಾರಕ್ಕೆ ನಾಲ್ಕೈದು ದಿನ ಹಳ್ಳ ದಾಟುವ ಗಾಡಿಗೆ ಮೂರು ತಿಂಗಳಿಗೊಮ್ಮೆ. ನಡುವೆ ತಿಂಗಳಿಗೊಮ್ಮೆ ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ನ್ಯೂಟ್ರಲ್ಲಿನಲ್ಲಿ ಕೈಯಿಂದ ತಿರುಗಿಸಿ ನೋಡಿ. ಎಡ ಬಲ ಎರಡೂ ಒಂದೇ ಹಗುರದಲ್ಲಿ ತಿರುಗಿದರೆ ಬಿಚ್ಚುವುದು ಬೇಡ. ಒಂದು ಬಿಗಿ ಅನಿಸಿದರೆ ಅವತ್ತೇ ಬಿಚ್ಚಿ. ಕೆಸರಿನ ದಿನ ಸಂಜೆ ಕ್ಯಾಲಿಪರ್ ಸುತ್ತ ಸಾಧಾರಣ ಪೈಪಿನ ನೀರು ಬಿಟ್ಟು ತೊಳೆಯಿರಿ. ಜೋರು ಒತ್ತಡದ ಪಂಪನ್ನು ರಬ್ಬರ್ ತೊಟ್ಟಿಗೆ ನೇರವಾಗಿ ಹಿಡಿಯಬೇಡಿ, ಮಣ್ಣು ಒಳಗೆ ಹೋಗುವುದು ಹಾಗೆಯೇ.